ಬಾಗಿಲು ಹಾಕದ ಊರಲ್ಲಿ ಬಾಗಿಲು ಹಾಕಿದ ದಿನ

ಬೇಲೆಕೇರಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಗೋಡೆ ಛಾವಣಿಯನ್ನು ಮುಟ್ಟುವುದೇ ಇಲ್ಲ. ಬಂದ ದಿನ ಚಾಪೆಯ ಮೇಲೆ ಅಂಗಾತ ಮಲಗಿ ನೋಡಿ ಗಾಬರಿಯಾದೆ. ಗೋಡೆ ಮುಗಿದ ಮೇಲೆ ಒಂದು ಗೇಣು ಖಾಲಿ, ಆಮೇಲೆ ಹಂಚು. ಆ ಸಂದಿಯಿಂದ ಗಾಳಿ ಬರುತ್ತದೆ, ಬೆಕ್ಕು ಬರುತ್ತದೆ, ಪಕ್ಕದ ಮನೆಯ ಜಗಳ ಒಂದು ಮಾತೂ ತಪ್ಪದೆ ಬರುತ್ತದೆ. ಸಿಂದಗಿ ಕಡೆಯ ನಮ್ಮ ಮಾಳಿಗೆ ಮನೆಗೆ ಮೊಳದಪ್ಪದ ಮಣ್ಣಿನ ಗೋಡೆ, ಅಂಗೈಯಗಲದ ಬೆಳಕಿಂಡಿ. ಧೂಳೆದ್ದರೆ ಅವ್ವ ಬಾಗಿಲು ಹಾಕಿ, ಅದರ ಕೆಳಗೆ ಒದ್ದೆ ಗೋಣಿಚೀಲ ತುರುಕಿದರೆ ಮುಗಿಯಿತು. ಇಲ್ಲಿ ಮನೆ ಮುಚ್ಚುವ ರೂಢಿಯೇ ಇಲ್ಲ. ಮುಚ್ಚಿದರೆ ಹಾಸಿಗೆಗೂ ಬೂಸ್ಟು ಹಿಡಿಯುತ್ತದೆ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಅಂಕೋಲಾದಿಂದ ಕಾರವಾರ, ಕಾರವಾರದಿಂದ ಅಂಕೋಲಾ. ಹೆಂಡತಿ ಶಾಂತಾ ಚೊಚ್ಚಲ ಹೆರಿಗೆಗೆಂದು ಸಿಂದಗಿಯ ತವರಿಗೆ ಹೋಗಿದ್ದಾಳೆ, ದಿನ ತುಂಬುತ್ತಾ ಬಂದಿದೆ. ಇಲ್ಲಿ ಜಗಲಿಯ ಪಕ್ಕದ ಕೋಣೆ ನನ್ನದು, ಉಳಿದದ್ದೆಲ್ಲ ಮನೆಯೊಡತಿ ಸಾವಿತ್ರಕ್ಕನದು. ಕುಚ್ಚಲಕ್ಕಿ ಗಂಜಿ ಹೊಟ್ಟೆಗೆ ಒಗ್ಗಿತು. ಕೊಂಕಣಿಯಲ್ಲಿ ಟಿಕೆಟ್ ಕೇಳಿದರೆ ಈಗ ತಡವರಿಸದೆ ಹರಿದು ಕೊಡುತ್ತೇನೆ. ಒಗ್ಗದೆ ಉಳಿದದ್ದು ಅಂಗಳದ ಒಣಮೀನಿನ ವಾಸನೆ ಒಂದೇ. ನಾನು ಮೂಗು ಮುಚ್ಚಿಕೊಂಡಾಗಲೆಲ್ಲ ಸಾವಿತ್ರಕ್ಕ ನಗುತ್ತಿದ್ದರು: "ಕಂಡಕ್ಟ್ರು ಬಂದ್ರು, ಅವ್ರ ಮೂಗು ಇನ್ನೂ ಘಟ್ಟ ಇಳೀಲೇ ಇಲ್ಲ."

ಅದಕ್ಕೇ ಆ ಬೆಳಿಗ್ಗೆ ನನ್ನ ಮಾತನ್ನು ಯಾರೂ ನಂಬಲಿಲ್ಲ.

ವಾರದ ರಜೆ. ಬಾವಿಕಟ್ಟೆಯಲ್ಲಿ ಖಾಕಿ ಅಂಗಿ ಹಿಂಡುತ್ತಿದ್ದೆ. ಮೂಗಿಗೆ ಸೂಜಿ ಹಾಕಿದ ಹಾಗೆ ಒಂದು ಘಾಟು ಬಂತು, ಕಣ್ಣಲ್ಲಿ ನೀರು.

"ಅಕ್ಕಾರ, ಏನೋ ವಾಸನಿ ಬರಾಕತ್ತೈತ್ರಿ. ಇದು ಮೀನಿಂದಲ್ಲ."

ಸಾವಿತ್ರಕ್ಕ ಮೀನು ತಿರುವುತ್ತಾ ತಲೆಯೂ ಎತ್ತಲಿಲ್ಲ. "ನಿಮ್ಗೆ ದಿನಾ ಒಂದು ವಾಸ್ನೆ."

ಸ್ವಲ್ಪ ಹೊತ್ತಿಗೆ ಅವರೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಪಂಚಾಯ್ತಿಯ ಆಟೋ ಮೈಕಿನಲ್ಲಿ ಕೂಗುತ್ತಾ ಬಂತು. ದಕ್ಕೆಯ ಕಡೆ, ಅಂದರೆ ದೋಣಿ ನಿಲ್ಲುವ ಕಡೆ, ಮೀನಿಗೆ ಐಸ್ ಮಾಡುವ ಕಾರ್ಖಾನೆಯಲ್ಲಿ ಅಮೋನಿಯಾ ಸೋರುತ್ತಿದೆ, ಎಲ್ಲರೂ ಒಳಗೆ ಹೋಗಿ ಬಾಗಿಲು ಕಿಟಕಿ ಹಾಕಿಕೊಳ್ಳಿ, ಫ್ಯಾನ್ ಬಂದ್ ಮಾಡಿ, ಮೂಗಿಗೆ ಒದ್ದೆ ಬಟ್ಟೆ ಹಿಡಿಯಿರಿ.

ಸಾವಿತ್ರಕ್ಕ ಒಳಗೆ ಓಡಿದರು. ಓಡಿ ಮಾಡಿದ್ದೇನು? ಹಿತ್ತಲ ಬಾಗಿಲನ್ನೂ ತೆರೆದರು! ವಾಸನೆ ಬಂದರೆ ಹೊರಗೆ ಹೋಗಲೆಂದು ತೆರೆಯುವುದು ಇಲ್ಲಿಯವರ ಕೈಗೆ ಬಂದುಬಿಟ್ಟಿದೆ. ನಾನು ಬೊಬ್ಬೆ ಹೊಡೆದು ಹಾಕಿಸಿದೆ. ಹಾಕಿದರೂ ಏನು ಬಂತು, ಮೇಲೆ ಸುತ್ತಲೂ ಗೇಣು ಸಂದಿ. ಒಳಗೆ ಅವರ ಮಗಳು ನಾಗವೇಣಿ, ಹೆತ್ತು ವಾರವೂ ತುಂಬದ ಬಾಳಂತಿ, ಮಡಿಲಲ್ಲಿ ಮಗು. ನಮ್ಮಂಥವರು ಕೆಮ್ಮಿ ಬದುಕಿಕೊಂಡೇವು, ಆ ಮುಷ್ಟಿಯಷ್ಟು ಎದೆ ತಡೆದೀತೇ?

ಇಡೀ ಮನೆಯಲ್ಲಿ ಹಲಗೆಯ ಮುಚ್ಚಿಗೆ ಇದ್ದದ್ದು ಬಾಳಂತಿ ಕೋಣೆಗೆ ಮಾತ್ರ. ಬಾಳಂತಿಗೆ ಗಾಳಿ ಸೋಕಬಾರದೆಂದು ಅದರ ಒಂದೇ ಕಿಟಕಿಯನ್ನೂ ಹಾಕಿಟ್ಟಿದ್ದರು. ಆದರೆ ಹೆಸರಿಡುವ ತನಕ ಹೊರಗಿನ ಗಂಡಸು ಅದರ ಹೊಸ್ತಿಲು ದಾಟುವಂತಿಲ್ಲ. ಹೊರಗೇ ನಿಂತೆ. ಸಾವಿತ್ರಕ್ಕ ನನ್ನ ರಟ್ಟೆ ಹಿಡಿದು ಎಳೆದರು.

"ಒಳ್ಗೆ ಬನ್ನಿ. ಜೀವ ಹೋಗೂ ಹೊತ್ತಲ್ಲಿ ಎಂತ ಮೈಲಿಗೆ?"

ಒಳಗೆ ಮೂಲೆಯಲ್ಲಿ ಮಡಕೆಯ ತುಂಬ ನಿಗಿನಿಗಿ ಕೆಂಡ. ನಾನು ಅದನ್ನೆತ್ತಲು ಹೋದೆ, ಅವರು ಅಡ್ಡ ಬಂದರು.

"ಕೆಂಡ ತೆಗದ್ರೆ ಶಿಶುಗೆ ಥಂಡಿ ಆಗೂದಿಲ್ವಾ? ದಿನಾ ಇಲ್ಲೇ ಇಡ್ತೆ."

"ದಿನಾ ಬಾಗಲಾ ತೆರದಿರ್ತೈತ್ರಿ. ಮುಚ್ಚಿದ ಕ್ವಾಣ್ಯಾಗ ಕೆಂಡ ಇಟ್ಟು ಮಲಗಿದವ್ರು ಮುಂಜಾನಿ ಏಳಲಿಲ್ಲ, ನಮ್ಮ ಓಣ್ಯಾಗ ನೋಡೀನಿ."

ಮುಚ್ಚಿದ ಮನೆಯ ಅಪಾಯ ಮುಚ್ಚಿ ಬದುಕಿದವರಿಗೇ ಗೊತ್ತು. ಅವರು ಮಗುವಿನ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ತಾವೇ ಮಡಕೆಯನ್ನು ಹೊರಗಿಟ್ಟು ಬಂದರು. ಬಾಗಿಲು ಹಾಕಿ ಅದರ ಕೆಳಗೆ ನನ್ನ ಒದ್ದೆ ಖಾಕಿ ಅಂಗಿ ತುರುಕಿದೆ. ಕಿಟಕಿಯ ಬಿರುಕಿಗೆ ಮಗುವಿನ ಒದ್ದೆ ಬಟ್ಟೆಗಳು. ಫ್ಯಾನು ಹಾಕುವಂತಿಲ್ಲ. ಬೆವರು ಧಾರೆಧಾರೆ. ಥಂಡಿಯಾಗುತ್ತದೆ ಎಂದವರೇ ಮೊರದಿಂದ ಗಾಳಿ ಬೀಸಿದರು. ಮಗುವಿನದು ಮಾತ್ರ ಸದ್ದಿಲ್ಲ. ನಾಗವೇಣಿ ಮತ್ತೆ ಮತ್ತೆ ಅದರ ಮೂಗಿನ ಬಳಿ ಬೆರಳು ಹಿಡಿದು, "ಆಡ್ತದೆ, ಉಸುರು ಆಡ್ತದೆ" ಅನ್ನುತ್ತಿದ್ದಳು. ನನಗೆ ಶಾಂತಾಳ ಹೊಟ್ಟೆ ಕಣ್ಣ ಮುಂದೆ ಬಂತು. ಬೇರೆ ಊರಿನ ಬೇರೆಯವರ ಮಗುವಿಗಾಗಿ ಗೋಡೆಗೆ ಮುಖ ಮಾಡಿ ಅತ್ತೆ.

ಬಹಳ ಹೊತ್ತಿನ ಮೇಲೆ ಮೈಕು ಮತ್ತೆ ಬಂತು. ಸೋರಿಕೆ ನಿಂತಿದೆ, ಈಗ ಬಾಗಿಲು ಕಿಟಕಿ ಎಲ್ಲ ತೆರೆದು ಹೊರಗೆ ಬನ್ನಿ ಎಂದಿತು. ತೆರೆದೆವು. ಸಮುದ್ರದ ಗಾಳಿ ಮುಖಕ್ಕೆ ಬಡಿಯುತ್ತಲೇ ಮಗು ಊರಿಗೆಲ್ಲ ಕೇಳುವಂತೆ ಅತ್ತಿತು. ಆರೋಗ್ಯ ಕೇಂದ್ರದ ಸಿಸ್ಟರ್ ಬಂದು ಎದೆಗೆ ಸ್ಟೆತೊಸ್ಕೋಪ್ ಇಟ್ಟು ನೋಡಿ, ಏನೂ ಆಗಿಲ್ಲ ಅಂದರು.

ಸುದ್ದಿ ಮೊಬೈಲಿನಲ್ಲಿ ಸಿಂದಗಿಗೆ ಆಗಲೇ ಮುಟ್ಟಿತ್ತು. ಶಾಂತಾ ಫೋನಿನಲ್ಲಿ ಅಳುತ್ತಿದ್ದಳು. "ಕೂಸಿನ್ನ ಕಟ್ಟಿಕೊಂಡು ನಾ ಆ ಊರಿಗೆ ಬರಂಗಿಲ್ರಿ. ನೀವ ವರ್ಗಾ ಮಾಡಿಸಿಕೊಂಡು ಬರ್ರಿ." ಅವಳ ಮಾತಲ್ಲಿ ತಪ್ಪೇನಿದೆ? ಊರಿನ ನಮ್ಮ ಮಾಳಿಗೆ ಮನೆಗೆ ಒಂದು ಅಗಳಿ ಹಾಕಿದರೆ ಸಾಕು. ಆಯ್ತು ಅಂದೆ.

ಫೋನಿಟ್ಟು ತಿರುಗಿದರೆ ಸಾವಿತ್ರಕ್ಕ ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ ತಿಳಿಯದು. ಮೊದಲ ಸಲ ಕಂಡಕ್ಟ್ರೇ ಅನ್ನಲಿಲ್ಲ.

"ತಮಾ, ಹೆರಿಗೆ ಆದ್ಮೇಲೆ ಹೆಂಡ್ತಿ ಶಿಶುನ ಇಲ್ಗೇ ಕರ್ಕಂಡು ಬಾ. ಆ ಕೋಣೆ ನಿನ್ನ ಬಾಳಂತಿಗೆ. ಶಿಶುನ ನಾನೇ ಎಣ್ಣೆ ಹಚ್ಚಿ ಮೀಸ್ತೆ."

ಅವರಿಗೂ ಆಯ್ತು ಅಂದೆ. ಎರಡು ಸಲವೂ ಮನಸ್ಸಿಟ್ಟೇ ಅಂದದ್ದು.