ತುಳಸಿಕಟ್ಟೆ ಸುತ್ತಿದ ಹುಂಜ

ಮನೆಗೆ ಹೊಸದಾಗಿ ಬಂದ ಕೋಳಿಗೆ ಮೊದಲು ಒರಳುಕಲ್ಲನ್ನು ಪರಿಚಯ ಮಾಡಿಸುತ್ತಿದ್ದ ಕಾಲ ಅದು. ನಾನು ಹಿಂದೂಪುರದ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೋರ್ಡರ್. ಅಪ್ಪನಿಗೆ ಕಲ್ಯಾಣದುರ್ಗದಲ್ಲಿ ನೌಕರಿ. ದಸರಾ ರಜೆ ಮಾತ್ರ ಪರಿಗಿ ಹತ್ತಿರ, ಅಜ್ಜಿಯ ಊರಿನಲ್ಲಿ.

ಆ ವರ್ಷ ಅಜ್ಜಿಯ ಹಳೇ ಹುಂಜವನ್ನು ಮುಂಗುಸಿ ಹಿಡಿದಿತ್ತು. ಹುಂಜ ಇಲ್ಲದೆ ಮೊಟ್ಟೆ ಮರಿಯಾಗುವುದಿಲ್ಲವಲ್ಲ, ಅಪ್ಪ ಕಲ್ಯಾಣದುರ್ಗದಿಂದ ಒಂದು ಎಳೇ ಹುಂಜ ಕೊಟ್ಟು ಕಳಿಸಿದರು. ಮಾವ ಅದನ್ನು ಬಟ್ಟೆಚೀಲದಲ್ಲಿ ಹಾಕಿ, ತಲೆ ಮಾತ್ರ ಹೊರಗಿಟ್ಟು, ಪೆನುಕೊಂಡದಲ್ಲಿ ಬಸ್ಸು ಬದಲಿಸಿ ತಂದ. ಕೆಂಪು ಕತ್ತು, ಇನ್ನೂ ಬಾಗದ ಬಾಲ. ಕೂಗಲು ಹೋದರೆ ಒಡೆದ ಪೀಪಿಯ ಸದ್ದು. ನಾನು ‘ಪ್ರಿನ್ಸ್’ ಎಂದು ಹೆಸರಿಟ್ಟೆ.

ಅಜ್ಜಿ ಅಂಗಳದಲ್ಲಿ ಗಿಡದಿಂದ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದಳು. ಹಸಿಮಣ್ಣಿನ ಆ ವಾಸನೆ ಇವತ್ತಿಗೂ ನನಗೆ ದಸರಾ ವಾಸನೆಯೇ. ತಲೆ ಎತ್ತದೆ ಅಂದಳು, “ಸರೋಜಾ, ಅದಕ್ಕೆ ಮೂರು ಸುತ್ತು ಹಾಕ್ಸಿ ಬಿಡಮ್ಮಾ.”

ಸರೋಜತ್ತೆ ಮಾವನ ಹೊಸ ಹೆಂಡತಿ. ಹಿಂದೂಪುರ ಟೌನಿನವಳು, ಆ ಮನೆಗೆ ಬಂದು ತಿಂಗಳೂ ಆಗಿರಲಿಲ್ಲ. ಯಾತರ ಸುತ್ತ ಎಂದು ಕೇಳಲು ಸಂಕೋಚ. ಹುಂಜವನ್ನು ಎದೆಗವಚಿಕೊಂಡು ಭಕ್ತಿಯಿಂದ ತುಳಸಿಕಟ್ಟೆ ಸುತ್ತಿದಳು, ಅದರ ನೆತ್ತಿಗೆ ಕುಂಕುಮವನ್ನೂ ಇಟ್ಟು ಕೆಳಗೆ ಬಿಟ್ಟಳು.

ನೆಲ ಮುಟ್ಟಿದ್ದೇ ತಡ, ಅಜ್ಜಿಯ ಹೆಣ್ಣುಕೋಳಿಗಳು, ಆ ಹ್ಯಾಟೆಗಳೆಲ್ಲ ಮುಗಿಬಿದ್ದವು. ಅವುಗಳ ಲೀಡರ್ ಒಂದು ಕರೀ ಹ್ಯಾಟೆ. ಥೇಟ್ ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ನಡಿಗೆ. ಜುಟ್ಟು ಕುಕ್ಕಿ ರಕ್ತ ಬರಿಸಿತು. ಪ್ರಿನ್ಸ್ ಹುಣಸೆಮರ ಹತ್ತಿ ಕೂತ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಕಾಳು ಚೆಲ್ಲಿದರೆ ದೂರ ನಿಂತು ನೋಡುವುದು, ಹತ್ತಿರ ಬಂದರೆ ಏಟು.

“ಇದು ಮನೆ ಹಿಡೀಲಿಲ್ಲ ಕಣೇ,” ಅಂದಳು ಅಜ್ಜಿ. “ಭಾನುವಾರ ಸರೋಜನ ಅಣ್ಣ ಬತ್ತಾನಲ್ಲ, ಸಾರಿಗಾಯ್ತದೆ ಬಿಡು.”

ತಿನ್ನುತ್ತಿದ್ದ ಬೇಯಿಸಿದ ಕಡಲೆಕಾಯಿ ಬಿಟ್ಟು ನಾನು ಅಜ್ಜಿಯ ಸೆರಗು ಹಿಡಿದೆ. “ಅಜ್ಜೀ, ಪ್ಲೀಸ್!”

ಅಜ್ಜಿಯೆದುರು ಬಾಯಿ ಬಿಡದ ಸರೋಜತ್ತೆ ಬಾಗಿಲ ಮರೆಯಿಂದ ಅಂದಳು, “ಪಾಪಂ ಅತ್ತಮ್ಮಾ, ಹೊಸದಲ್ವಾ? ಇನ್ನೆಲ್ಡು ದಿನ ನೋಡಣ. ತುಳಸಮ್ಮನ ಸುತ್ತ ಸುತ್ಸಿದ್ದೀನಿ, ನಿಂತ್ಕಂತದೆ.”

ಅಜ್ಜಿಯ ಕೈ ನಿಂತಿತು. “ಯಾರ ಸುತ್ತ?”

“ತುಳಸಮ್ಮನ...”

“ಅಯ್ಯೋ ನನ್ ಶಿವನೇ! ಅದೇನು ತಿರುಪತಿಗೆ ಹೊಂಟಿತ್ತೇನೇ, ಪ್ರದಕ್ಷಿಣೆ ಹಾಕ್ಸಾಕೆ? ಒರಳುಕಲ್ಲು ಸುತ್ತ ಕಣಮ್ಮಾ! ಕಾಳು ಬೀಳೋ ಜಾಗ ತೋರ್ಸಿದ್ರೆ ತಾನೇ ಅದು ನಮ್ಮನೆ ಅಂತ ತಿಳ್ಕಳಾದು?”

ಜಗುಲಿಯಿಂದ ಮಾವ, “ಇನ್ನದಕ್ಕೆ ಮೊಸರನ್ನ ಹಾಕವ್ವಾ, ಮಡಿ ಹುಂಜ ಆಗ್ಬುಟ್ಟದೆ,” ಅಂದ. ಅಜ್ಜಿ ಕೆಮ್ಮು ಬರುವಷ್ಟು ನಕ್ಕಳು. ಸರೋಜತ್ತೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಕ್ಕು ಮುಗಿಸಿ ಅಜ್ಜಿಯೇ ಎದ್ದಳು. ಪ್ರಿನ್ಸನ್ನು ಮರದಿಂದ ಇಳಿಸಿ, ಸರೋಜತ್ತೆಯ ಕೈಗೇ ಕೊಟ್ಟು, ಒರಳಿನ ಸುತ್ತ ಮೂರು ಸುತ್ತು ಹಾಕಿಸಿದಳು. ಆಮೇಲೆ ಅವನ ಮೇಲೆ ಸಂದಿ ಸಂದಿಯ ಒಂದು ದೊಡ್ಡ ಬಿದಿರು ಮಂಕರಿ ಬೋರಲು ಹಾಕಿದಳು. “ಅಲ್ಲೇ ಇರ್ಲಿ. ಒಬ್ರ ಮಕ ಒಬ್ರು ನೋಡ್ಕಳ್ಲಿ, ಕುಕ್ಕಾಡಾಕಾಗಲ್ಲ.”

ಶನಿವಾರ ಮಾವ ಹೊಲದ ಬದುವಿನಿಂದ ಗೆದ್ದಲು ತುಂಬಿದ ಮಣ್ಣುಗಡ್ಡೆ ತಂದ. ಸರೋಜತ್ತೆ ಅದನ್ನು ಮಂಕರಿಯೊಳಗೆ ತಳ್ಳಿದಳು. ಹಸಿದಿದ್ದ ಪ್ರಿನ್ಸ್ ಒಂದು ಗೆದ್ದಲು ಎತ್ತಿದ, ನುಂಗಲಿಲ್ಲ. ಕೆಳಗೆ ಹಾಕಿ “ಕೊಕ್ ಕೊಕ್ ಕೊಕ್” ಎಂದು ಕರೆದ. ಹ್ಯಾಟೆಗಳು ತಲೆ ಎತ್ತಿದವು. ಕರಿಯದು ಠೀವಿಯಿಂದ ಬಂದು, ಸಂದಿಯಲ್ಲಿ ಕತ್ತು ತೂರಿಸಿ, ಅವನ ಕೊಕ್ಕಿನ ಮುಂದಿನದನ್ನೇ ತಿಂದಿತು. ಅವನು ಇನ್ನೊಂದು ಎತ್ತಿ ಹಾಕಿದ, ಮತ್ತೆ ಕರೆದ.

“ತಾನು ತಿನ್ನದೆ ಕರೀತಾನೆ ನೋಡ್ರೇ,” ಅಂದಳು ಅಜ್ಜಿ, ದನಿ ತಗ್ಗಿಸಿ. “ಮಂಕರಿ ಎತ್ತು ಸರೋಜಾ.”

ಅತ್ತೆ ಎತ್ತಿದಳು. ಒಂದೂ ಕುಕ್ಕಲಿಲ್ಲ.

ಭಾನುವಾರ ಬಂದ ಸರೋಜತ್ತೆಯ ಅಣ್ಣನಿಗೆ ಮುದ್ದೆ, ಬದನೆಕಾಯಿ ಗೊಜ್ಜು. ಆ ಮನೆಯಲ್ಲಿ ಸೊಸೆ ಉಣ್ಣುತ್ತಿದ್ದುದು ಎಲ್ಲರದ್ದೂ ಆದ ಮೇಲೆ. ಅವತ್ತು ಅಜ್ಜಿ ತನ್ನ ತಟ್ಟೆಗೆ ಕೈ ಹಾಕದೆ ಒಳಗೆ ತಿರುಗಿ ಕರೆದಳು, “ಸರೋಜಾ, ಬಾರೇ. ನಿನ್ ತಟ್ಟೇನೂ ತಗೊಂಡು ಇಲ್ಲೇ ಕೂತ್ಕ.”

ಈಗ ಹಿಂದೂಪುರದ ನಮ್ಮ ಫ್ಲಾಟಿನಲ್ಲಿ ಕೋಳಿ ಬರುವುದು ಕ್ಲೀನ್ ಆಗಿ, ಪ್ಯಾಕ್ ಆಗಿ. ಒರಳಿಲ್ಲ. ಮಿಕ್ಸಿ, ಸ್ಟೌ ಎಲ್ಲವೂ ಗೋಡೆಗೆ ಅಂಟಿಕೊಂಡಿವೆ, ಸುತ್ತು ಹಾಕುತ್ತೇನೆಂದರೂ ಜಾಗವಿಲ್ಲ. ಮೊಮ್ಮಗನ ಹೆಂಡತಿ ಹೊಸದಾಗಿ ಬಂದಿದ್ದಾಳೆ, ವೆರಿ ಸ್ವೀಟ್ ಗರ್ಲ್. ಒಬ್ಬೊಬ್ಬರು ಒಂದೊಂದು ಹೊತ್ತಿಗೆ, ತಮ್ಮ ತಮ್ಮ ರೂಮಿನಲ್ಲಿ ಉಣ್ಣುವ ಮನೆಗೆ ಅವಳೂ ಬೇಗ ಹೊಂದಿಕೊಂಡಳು. ನಾನು ಮಾತ್ರ ದಿನಾ ಎರಡು ತಟ್ಟೆ ಇಟ್ಟು, ತುತ್ತು ಎತ್ತದೆ ಅವಳನ್ನು ಕರೆಯುತ್ತೇನೆ. “ಕಮಿಂಗ್, ಅಜ್ಜೀ” ಎಂಬ ದನಿ ಬಾಗಿಲಿನ ಆಚೆಯಿಂದ ಬರುತ್ತದೆ.

ಅನ್ನ ಆರುತ್ತದೆ. ಇನ್ನೊಂದು ಸಲ ಕರೆಯುತ್ತೇನೆ.