ಮೂರು ಕಂಪೈಲರುಗಳಿಗೆ ಮೂರು ಕಾರಣ

ಚಿಕ್ಕೋಡಿಯಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ನಾವು ನಾಲ್ಕು ಜನ. ಹಾಲಿನ ಡೇರಿ, ಗೋದಾಮುಗಳ ತೂಕದ ಯಂತ್ರಗಳೊಳಗೆ ಓಡುವ ಪ್ರೋಗ್ರಾಮು ನಮ್ಮದು. ಅದನ್ನು ಶುರು ಮಾಡಿದವರು ಪಾಲಿಟೆಕ್ನಿಕ್‌ನಲ್ಲಿ ನನಗೆ ಪಾಠ ಹೇಳಿದ ಅಕ್ಕಾರು. ನಮ್ಮ ಕಡೆ ಶಿಕ್ಷಕಿಯನ್ನು ಹಾಗೇ ಕರೆಯುತ್ತೇವೆ.

ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸಿಕೊಡುವುದು ಕಂಪೈಲರ್. ಒಂದು ತೀರ ಹಳೆಯದು, ಒಂದು ನಡುವಿನದು, ಒಂದು ಹೊಸದು, ಹೀಗೆ ಮೂರು ಆವೃತ್ತಿಗಳಲ್ಲಿ ಪ್ರತಿಯೊಂದು ತಿದ್ದುಪಡಿಯನ್ನೂ ಪರೀಕ್ಷಿಸುತ್ತಿದ್ದೆವು. ಈ ಮೂರೇ ಯಾಕೆ ಎಂದು ಎಲ್ಲೂ ಬರೆದಿರಲಿಲ್ಲ.

ಒಮ್ಮೆ ನಾನು ಎರಡು ವಾರ ಕೂತು ಬರೆದ ಭಾಗ ಹಳೆಯ ಕಂಪೈಲರಿನಲ್ಲಿ ಮಾತ್ರ ಫೇಲಾಯಿತು. ನನಗೆ ಸಿಟ್ಟು ಬಂತು.

"ಅಕ್ಕಾರ, ಈ ಹಳೇದನ್ನ ತಗದ ಬಿಡೋಣ್ರಿ. ಯಾರು ಬಳಸ್ತಾರ ಇದನ್ನ?"

ಅವರು ಬಯ್ಯಲಿಲ್ಲ. "ಯಾರು ಬಳಸ್ತಾರಂತ ನನಗ ಗೊತ್ತೈತಿ, ನಿನಗ ಗೊತ್ತಿಲ್ಲ. ಬರದಿಡಲಿಲ್ಲ, ಅದು ನನ್ನ ತಪ್ಪು. ನಾಳೆ ಐಗಳಿ ಡೇರಿಗೆ ಹೋಗಿ ಬಾ. ನೋಡಿದ ಮ್ಯಾಲೂ ತಗೀಬೇಕು ಅನಿಸಿದ್ರ ತಗಿ."

ಬೆಳಗಿನ ಬಸ್ಸಿಗೆ ಅಥಣಿಗೆ ಹೋಗಿ, ಅಲ್ಲಿಂದ ಐಗಳಿ ಮುಟ್ಟಿದೆ. ಡೇರಿಯ ಕಾರ್ಯದರ್ಶಿ ನಲವತ್ತರ ಆಸುಪಾಸಿನ ಹೆಂಗಸು. ತೂಕದ ಯಂತ್ರದ ಒಡೆದ ಡಬ್ಬಿಗೆ ಸೈಕಲ್ ಟ್ಯೂಬು ಬಿಗಿದಿದ್ದರು. ಆ ಯಂತ್ರ ತಯಾರಿಸಿದ ಕಂಪನಿ ಮುಚ್ಚಿತ್ತು. ಒಳಗಿನ ಎಲೆಕ್ಟ್ರಾನಿಕ್ ಚಿಪ್ಪಿಗೆ ಹೊಂದುವ ಕಂಪೈಲರ್ ನಮ್ಮ ಆ ಹಳೆಯದೊಂದೇ. ಆಮೇಲೆ ಬಂದ ಯಾವ ಆವೃತ್ತಿಯೂ ಆ ಚಿಪ್ಪನ್ನು ಗುರುತಿಸುವುದಿಲ್ಲ.

"ಹೊಸಾದು ಬರ್ತೈತಿ ಅಂತಾರ್ರಿ. ಬರೂತನಕಾ ಇದನ್ನ ನಂಬೇವ್ರಿ," ಎಂದರು ಕಾರ್ಯದರ್ಶಿ. "ನಿಮ್ಮ ಅಕ್ಕಾರು ಅರ್ಧಾ ದಿನ ಇಲ್ಲೇ ಕುಂತು ಅಂಕಿ ದೊಡ್ಡೂವು ಮಾಡಿ ಹೋಗ್ಯಾರ."

ಅಷ್ಟರಲ್ಲಿ ಎಮ್ಮೆ ಸಾಕುವ ಮುದುಕಿಯೊಬ್ಬಳು ಕ್ಯಾನು ಇಟ್ಟು, ಯಂತ್ರದ ಮುಖ ನೋಡಿ, ಯಾರನ್ನೂ ಕೇಳದೆ "ಸಾಡೇಚಾರ್", ನಾಲ್ಕೂವರೆ, ಎಂದು ತನ್ನಷ್ಟಕ್ಕೆ ಓದಿಕೊಂಡು ಹೋದಳು. ನಾನು ಬರೆದದ್ದನ್ನು ಹಾಗೇ ಪ್ರೋಗ್ರಾಮಿಗೆ ಸೇರಿಸಿದ್ದರೆ ಈ ಡೇರಿಗೆ ಮುಂದೆ ಯಾವ ತಿದ್ದುಪಡಿಯೂ ಮುಟ್ಟುತ್ತಿರಲಿಲ್ಲ. ನಾಚಿಕೆಯಾಯಿತು.

ವಾಪಸು ಬಂದು ನಾಲ್ಕು ದಿನದಲ್ಲಿ ಆ ಭಾಗವನ್ನು ಹಳೆಯ ರೀತಿಯಲ್ಲೇ ಬರೆದೆ. ಮೊದಲಿನಷ್ಟು ಚೆಂದ ಬರಲಿಲ್ಲ, ಆದರೆ ಮೂರರಲ್ಲೂ ಓಡಿತು. ಆಮೇಲೆ ಅಕ್ಕಾರು ಪಕ್ಕದಲ್ಲಿ ಕೂತು, ಪ್ರತಿ ಆವೃತ್ತಿಯ ಎದುರು ಅದರ ಕಾರಣ ಬರೆಸತೊಡಗಿದರು. ಹಳೆಯದು ಐಗಳಿಗಾಗಿ. ಹೊಸದು, ಈಗ ಬರುವ ಯಂತ್ರಗಳಿಗಾಗಿ. ಉಳಿದದ್ದು ನಡುವಿನದು, ನಿಪ್ಪಾಣಿಯ ತಂಬಾಕಿನ ಗೋದಾಮಿನ ಕಾಟಾಕ್ಕಾಗಿ, ಅಂದರೆ ಅಲ್ಲಿನ ತೂಕದ ಯಂತ್ರಕ್ಕಾಗಿ. ಅದನ್ನು ನಡೆಸಲು ಅಕ್ಕಾರು ಒಂದಿಡೀ ಬೇಸಿಗೆ ಹೆಣಗಿದ್ದರು.

"ಇದನ್ನ ಬರಿಯೂಕಿಂತ ಮೊದಲು ಗೋದಾಮಿಗೆ ಒಂದ್ ಫೋನ್ ಹಚ್ಚು," ಎಂದರು.

ಹಚ್ಚಿದೆ. ಆ ಕಾಟಾ ಬದಲಿಸಿ ವರ್ಷವಾಗಿದೆ ಎಂದು ಗೋದಾಮಿನವರು ಮರಾಠಿಯಲ್ಲಿ ಹೇಳಿದರು. ಇದನ್ನು ಅಕ್ಕಾರಿಗೆ ಹೇಗೆ ಹೇಳುವುದೋ ಎಂದು ತಡವರಿಸಿ, ಕೊನೆಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಹಂಗಾರ ಅದನ್ನ ತಗಿ," ಎಂದರು.

"ಅಕ್ಕಾರ, ನೀವು ಅಷ್ಟು ಕಷ್ಟಪಟ್ಟು..."

"ಕಷ್ಟ ಪಟ್ಟಿದ್ದು ಕಾರಣ ಆಗೂದಿಲ್ಲವ್ವಾ. ಇನ್ನೊಂದು ಸಾಲು ಬರಿ: ಐಗಳಿ ಯಂತ್ರ ಹ್ವಾದ ದಿನ ಹಳೇದನ್ನೂ ತಗೀರಿ, ನನ್ನ ಕೇಳಬ್ಯಾಡ್ರಿ."

ತಮ್ಮ ಕೈಯಾರೆ ಕಟ್ಟಿದ್ದನ್ನು ಅಷ್ಟು ಹಗುರಾಗಿ ಬಿಟ್ಟುಕೊಟ್ಟವರನ್ನು ನಾನು ಬೇರೆ ಕಂಡಿಲ್ಲ. ಅಂದಿನಿಂದ ಅವರ ಮೇಲಿನ ಗೌರವ ಇನ್ನೊಂದು ತೂಕ ಹೆಚ್ಚಾಯಿತು.

ಮೊನ್ನೆ ರಾಯಬಾಗದ ಡೇರಿಯೊಂದರಿಂದ ಪತ್ರ ಬಂತು: ತಮ್ಮಲ್ಲೂ ಐಗಳಿಯಲ್ಲಿರುವಂಥದೇ ಹಳೆಯ ಯಂತ್ರವಿದೆ, ನಿಮ್ಮ ಪ್ರೋಗ್ರಾಮು ನಡೆಯುತ್ತದೆಯೇ ಎಂದು. ಉತ್ತರ ಬರೆಯಲು ನನಗೆ ಯಾರನ್ನೂ ಕೇಳಬೇಕಾಗಲಿಲ್ಲ. ನಡೆಯುತ್ತದೆ ಎಂದು ಬರೆದು, ಐಗಳಿಯ ಸಾಲಿನ ಪಕ್ಕ ರಾಯಬಾಗವನ್ನೂ ಸೇರಿಸಿದೆ.