ಗಿಡುಗನಿಗಾಗಿ ಮೀನು ಬಿಟ್ಟ ಮೆಸ್

ಕಲ್ಯಾಣಪುರದ ಸಿಪ್ರಿಯನ್ ಮಥಾಯಸ್ ಮಲ್ಪೆಯ ಬೋಟುಗಳಲ್ಲಿ ಅಡುಗೆ ಮಾಡುತ್ತಾ ಕೈ ಪಳಗಿಸಿಕೊಂಡ ಆಸಾಮಿ. ಮೀನಿಲ್ಲದ ಊಟ ಅವನ ಲೆಕ್ಕದಲ್ಲಿ ಊಟವೇ ಅಲ್ಲ. ಎಂಬತ್ತನಾಲ್ಕರಲ್ಲಿ ಹೆಂಡತಿ ರೋಸ್‌ಳನ್ನು ಊರಲ್ಲಿ ಬಿಟ್ಟು ಒಮಾನಿನ ಸಲಾಲಾಕ್ಕೆ ಬಂದ, ಅಲ್ಲಿಂದ ಸೀಬ್‌ಗೆ. ತೊಂಬತ್ತಮೂರರಲ್ಲಿ ಸೀಬ್‌ನ ಆಚೆ ಕಡಲ ದಂಡೆಯಲ್ಲಿ ಒಂದು ಕಂಪನಿ ಗಾಲ್ಫ್ ಮೈದಾನ ಕಟ್ಟಲು ಹೊರಟಾಗ, ಕ್ಯಾಂಪಿನ ಮೆಸ್ಸಿಗೆ ಅವನೇ ಅಡುಗೆಯವನು.

ಗಾಲ್ಫ್ ಅವನ ತಲೆಗೆ ಹೋಗಲೇ ಇಲ್ಲ. ತಾನೇ ಚೆಂಡನ್ನು ದೂರ ಹೊಡೆದು, ತಾನೇ ಅದನ್ನು ಹುಡುಕಿಕೊಂಡು ಹೋಗುವುದಕ್ಕೆ ಇಷ್ಟೆಲ್ಲ ಗಲಾಟೆಯೇ ಎಂದು ನಗುತ್ತಿದ್ದ. ಅದೂ ಹುಲ್ಲಿಲ್ಲದ ಮೈದಾನ, ಎಣ್ಣೆ ಬೆರೆಸಿ ಗಟ್ಟಿ ಮಾಡಿದ ಮರಳು. ಆದರೆ ಮೈದಾನದ ತುದಿಯಲ್ಲಿ, ನೀರಿಗೆ ತಾಗಿ ನಿಂತ ಬಂಡೆಯ ನೆತ್ತಿಯಲ್ಲಿ ಒಂದು ಜೊತೆ ಮೀನುಗಿಡುಗ ಗೂಡು ಕಟ್ಟಿದ್ದು ಕಂಡ ದಿನದಿಂದ ಅವನಿಗೆ ಬೇರೆ ಮಾತೇ ಇರಲಿಲ್ಲ. ಮಲ್ಪೆಯಲ್ಲಿ ಬೋಟಿನ ಮೇಲೆ ಸುತ್ತುತ್ತಿದ್ದ ಅದೇ ಹಕ್ಕಿ. ಆಕಾಶದಿಂದ ಕಾಲು ಮುಂದೆ ಚಾಚಿ ದುಡುಂ ಎಂದು ನೀರಿಗೆ ಬೀಳುವುದೇನು, ಮೀನು ಹಿಡಿದೆದ್ದು ಮೈ ಕೊಡವುವುದೇನು! ಅದನ್ನು ನೋಡುತ್ತಾ ನಿಂತು ಅವನು ಒಗ್ಗರಣೆ ಸೀದಿಸಿದ್ದೂ ಉಂಟು.

ನಕ್ಷೆಯ ಪ್ರಕಾರ ಆ ಬಂಡೆಯನ್ನು ಒಡೆದು ದಾರಿ ಮಾಡಬೇಕಿತ್ತು. ಸರ್ಕಾರದ ಕಡೆಯಿಂದ ಬಂದ ಒಬ್ಬ ಅಧಿಕಾರಿ ತಡೆದರು. ಮರಿಗಳು ಬೆಳೆದು ಹಾರಿದರೆ ಬಂಡೆ ಹಕ್ಕಿಯದ್ದೇ, ದಾರಿ ಸುತ್ತಿಕೊಂಡು ಹೋಗಬೇಕು. ಅದಕ್ಕೆ ಮೊದಲೇ ಗೂಡು ಖಾಲಿಯಾದರೆ ಬಂಡೆ ಒಡೆಯಬಹುದು. ಹೀಗೆ ಮಾತಾಯಿತು. ಡೋಜರ್ ಓಡಿಸುವ ಉಳ್ಳಾಲದ ಇಸುಬು, ಕ್ಯಾಂಪಿನವರಿಗೆಲ್ಲ ಇಸುಬಾಕ, ಗಾಡಿಯನ್ನು ಬಂಡೆಯ ಕಡೆಗೇ ಮುಖ ಮಾಡಿ ನಿಲ್ಲಿಸಿದ.

ಮೂರು ಮರಿ ಹೊರಬಂದಾಗ ಸಿಪ್ರಿಯನ್‌ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಾಣಂತಿಯ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಬೂತಾಯಿಯ ತಲೆ, ಬಂಗುಡೆಯ ಬಾಲ ಎಲ್ಲ ಬಕೆಟಿಗೆ ತುಂಬಿ ದಿನವೂ ಬಂಡೆಯ ಬುಡದಲ್ಲಿ ಸುರಿದು ಬಂದ. ಗಿಡುಗ ತಿರುಗಿಯೂ ನೋಡಲಿಲ್ಲ. ಅದಕ್ಕೆ ತಾನೇ ಹಿಡಿದ ಮೀನೇ ಆಗಬೇಕು. ತಿನ್ನಲು ಬಂದದ್ದು ಕಾಗೆ. ಬೂದು ಕುತ್ತಿಗೆಯ ನಮ್ಮ ಊರಕಾಗೆ, ಹಡಗು ಹತ್ತಿ ಬಂದು ಇಲ್ಲೇ ಸಂಸಾರ ಹೂಡಿದ ಜಾತಿ. "ನಮ್ಮೂರಿನವರು ಬಂದ್ರು ನೋಡಿ" ಎಂದು ಸಿಪ್ರಿಯನ್ ಎಲ್ಲರಿಗೂ ತೋರಿಸಿದ.

ಆ ಖುಷಿ ಹೆಚ್ಚು ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ಎರಡು ಕಾಗೆ ತಾಯಿಯ ಬಾಲ ಎಳೆದು ಕೆಣಕಿದವು. ಅದು ಸಿಟ್ಟಿನಿಂದ ಅಟ್ಟಿಸಿಕೊಂಡು ಹೋದದ್ದೇ ತಡ, ಇನ್ನೊಂದು ಗೂಡಿಗಿಳಿದು ಮರಿಯೊಂದನ್ನು ಕಚ್ಚಿಕೊಂಡು ಹಾರಿತು. ಸಿಪ್ರಿಯನ್ ಕೈಯಲ್ಲಿದ್ದ ಸೌಟಿನ ಸಮೇತ ಓಡಿದ. ಓಡಿ ಏನು ಮಾಡುವುದು? ಕಳ್ಳರನ್ನು ಕರೆದು ಮಣೆ ಹಾಕಿ ಕೂರಿಸಿದ್ದು ತಾನೇ ಎಂದು ಅವನಿಗೆ ಅಳುವೇ ಬಂತು.

ಬಕೆಟು ನಿಲ್ಲಿಸಿದ. ಕಾಗೆ ಹೋಗಲಿಲ್ಲ. ಮೆಸ್ಸಿನ ಕಸದಲ್ಲಿ ಮೀನಿನ ಮುಳ್ಳು, ಚಾವಣಿಯ ತಗಡಿನ ಮೇಲೆ ಒಣಮೀನು. ಯಾವ ಕಾಗೆ ತಾನೇ ಹೋದೀತು? ಆಗ ಅವನು ಊಟದ ಹೊತ್ತಿಗೆ ಎಲ್ಲರೆದುರು ನಿಂತು ಹೇಳಿಬಿಟ್ಟ. "ಮರಿ ಹಾರುವ ತನಕ ಈ ಮೆಸ್ಸಿನಲ್ಲಿ ಮೀನಿಲ್ಲ. ಖಲಾಸ್."

ಹೇಳಿದ ಗಳಿಗೆಯನ್ನಾದರೂ ನೋಡಬೇಕು. ಆ ವರ್ಷ ರಂಜಾನ್ ಉಪವಾಸವೂ ಈಸ್ಟರಿಗೆ ಮೊದಲಿನ ಕ್ರೈಸ್ತರ ತಪಸ್ಸಿನ ಕಾಲವೂ ಜೊತೆಜೊತೆಗೇ ಬಂದಿದ್ದವು. ಮಾಂಸ ಬಿಟ್ಟ ಮಂಗಳೂರು ಕಡೆಯ ಕ್ರೈಸ್ತರಿಗೆ ಮೀನೊಂದೇ ಗತಿ. ಇಸುಬಾಕನಂಥ ಬ್ಯಾರಿ ಮುಸ್ಲಿಮರಿಗೆ ಸಂಜೆ ಉಪವಾಸ ಬಿಟ್ಟ ಮೇಲೆ ಬಾಯಿಗೆ ರುಚಿ ಬೇಕು. ಅಂಥಾ ಹೊತ್ತಿನಲ್ಲಿ ಸಿಪ್ರಿಯನ್ ಬಂಗುಡೆಗೆ ಅರೆಯುವ ಮಸಾಲೆಯನ್ನೇ ಅರೆದು, ಬದನೆಕಾಯಿಗೆ ಮೆತ್ತಿ ಎಣ್ಣೆಯಲ್ಲಿ ಕಾಯಿಸಿ ಬಡಿಸಿದ.

"ಎಂತ ಪೊರ್ಬುಗಳೇ, ಮಂಡೆ ಸರಿ ಉಂಟಾ?" ಊರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಕರೆದು ಇಸುಬಾಕ ತಟ್ಟೆ ದೂಡಿದ. "ಬೆಳಗಿನಿಂದ ನೀರು ಮುಟ್ಟದೆ ಡೋಜರ್ ಓಡಿಸಿ ಬಂದವನಿಗೆ ಬದನೆಕಾಯಿಯಾ?"

ಕ್ಯಾಂಪ್ ನೋಡಿಕೊಳ್ಳುವ ನೊರ್ಬರ್ಟ್ ಅವನನ್ನು ಬದಿಗೆ ಕರೆದು, "ಜನ ಊಟ ಬಿಟ್ರೆ ನಾನು ಬೇರೆ ಅಡುಗೆಯವರನ್ನು ತರ್ಬೇಕಾಗ್ತದೆ, ಬೇಜಾರು ಮಾಡ್ಬೇಡ" ಎಂದ. ಕೆಲಸ ಹೋದರೆ ವೀಸಾವೂ ಹೋಯಿತು. ಸಿಪ್ರಿಯನ್‌ಗೆ ಅದು ಗೊತ್ತಿತ್ತು. ಆದರೂ ಮೀನು ತರಿಸಲಿಲ್ಲ.

ಮರುದಿನ ಹೊತ್ತಿಳಿಯುವ ಮೊದಲು ಅವನು ಎಂಜಿನಿಯರರ ದುರ್ಬೀನು ಕೇಳಿ ತಂದು ಇಸುಬಾಕನ ಕೈಗೆ ಕೊಟ್ಟ. "ಬೈಯುವುದಿದ್ದರೆ ನೋಡಿ ಬೈಯಿರಿ" ಎಂದ. ಇಸುಬಾಕ ಕಣ್ಣಿಗೆ ಹಚ್ಚಿದವನು ಇಳಿಸಲೇ ಇಲ್ಲ. ಗೂಡಿನಲ್ಲಿ ಎರಡು ಮರಿ ಬಾಯಿ ತೆರೆದು ಕೂತಿದ್ದವು, ತಾಯಿ ಮೀನನ್ನು ಹರಿದು ಹರಿದು ಒಂದಕ್ಕೆ, ಮತ್ತೊಂದಕ್ಕೆ ಕೊಡುತ್ತಿತ್ತು. ಪಕ್ಕದಲ್ಲಿ ಕಾಗೆ ಹೊಂಚು ಹಾಕಿತ್ತು. "ಹಾಳಾದ್ದು, ಊರಲ್ಲೂ ಇದೇ ಬುದ್ಧಿ" ಎಂದು ಇಸುಬಾಕ ಹಲ್ಲು ಕಡಿದ. ಹೋಗಿ ಡೋಜರ್ ಹತ್ತಿದ, ಕ್ಯಾಂಪಿನ ಹಿಂದೆ ಆಳದ ಗುಂಡಿ ತೋಡಿದ, ಹಳೇ ಕಸವನ್ನೆಲ್ಲ ಅದಕ್ಕೆ ದೂಡಿ ಮುಚ್ಚಿದ. ತಗಡಿನ ಮೇಲಿದ್ದ ಒಣಮೀನನ್ನು ತಾನೇ ನಿಂತು ಇಳಿಸಿದ. ಅವನೇ ಬದನೆಕಾಯಿ ತಿನ್ನತೊಡಗಿದ ಮೇಲೆ ಉಳಿದವರೂ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಕಾಗೆಗಳು ಒಂದೊಂದಾಗಿ ಸೀಬ್‌ನ ಮೀನು ಮಾರುಕಟ್ಟೆಯ ದಾರಿ ಹಿಡಿದವು. ರಂಜಾನ್ ಹಬ್ಬದ ದಿನ ಇಸುಬಾಕ ಅಲ್ ಮಬೇಲಾದ ನೆಂಟರ ಮನೆಯಲ್ಲಿ ಮೀನು ಉಂಡು ಬಂದ, ಕ್ಯಾಂಪಿಗೆ ಒಂದು ಮುಳ್ಳೂ ತರಲಿಲ್ಲ.

ಈಸ್ಟರ್ ಹತ್ತಿರ ಬಂದಿತ್ತು. ಬೆಳಗಿನ ಚಹಾದ ಹೊತ್ತಿಗೆ ಮರಿಯೊಂದು ಗೂಡಿನಂಚಿಗೆ ಬಂದು ರೆಕ್ಕೆ ಬಡಿಯಿತು. ಚಹಾ ಬಿಟ್ಟು ಇಡೀ ಕ್ಯಾಂಪ್ ದಂಡೆಗೆ ಓಡಿತು. ಗಾಳಿಗೆ ಎದ್ದಿತು, ವಾಲಿತು, ಇನ್ನೇನು ನೀರಿಗೆ ಬಿತ್ತು ಎನ್ನುವಾಗ ಸಾವರಿಸಿಕೊಂಡು ಮೇಲೇರಿತು. ನೊರ್ಬರ್ಟ್ ಚಪ್ಪಾಳೆ ತಟ್ಟಿದ. ಸಿಪ್ರಿಯನ್ ಅಳುತ್ತಲೂ ಇದ್ದ, ನಗುತ್ತಲೂ ಇದ್ದ. ಎರಡನೆಯದೂ ಹಾರಿತು, ಅಧಿಕಾರಿ ಬಂದು ನೋಡಿದರು, ನಕ್ಷೆ ಬದಲಾಯಿತು. ಬಂಡೆಯನ್ನು ಬಳಸಿ ಹೋಗುವ ದಾರಿಯನ್ನು ಇಸುಬಾಕನೇ ಡೋಜರಿನಲ್ಲಿ ಹಾಕಿದ.

ದಾರಿ ಮುಗಿದ ಸಂಜೆ ಇಸುಬಾಕ ಸೀಬ್‌ನಿಂದ ದೊಡ್ಡದೊಂದು ಅಂಜಲ್ ಮೀನು ಹೊತ್ತು ತಂದ. ಸಿಪ್ರಿಯನ್ ಕತ್ತಿ ಮಸೆದು ಕೂತ. ಅಷ್ಟರಲ್ಲಿ ತಗಡಿನ ಮೇಲೆ ಕಾಗೆಯೊಂದು ಬಂದು ಕೂತು ಕೂಗಿತು. ಬಂಡೆಯ ಮೇಲೆ ಎರಡು ಮರಿ ಇನ್ನೂ ತಾಯಿಯ ಹಾದಿ ಕಾಯುತ್ತಿದ್ದವು, ಸ್ವಂತ ಬೇಟೆ ಕಲಿತಿರಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡರು. ಇಸುಬಾಕ ಮೀನನ್ನು ಮತ್ತೆ ಗೋಣಿಗೆ ಸುತ್ತಿ, ಸೀಬ್‌ಗೆ ಹೊರಟಿದ್ದ ಪಿಕಪ್ಪಿನವನ ಕೈಗೆ ಕೊಟ್ಟುಬಂದ. ಬಂದು ತಟ್ಟೆ ಎದುರಿಟ್ಟುಕೊಂಡು ಕೂತ.

"ಬದನೆಕಾಯಿ ಉಂಟಲ್ಲ ಪೊರ್ಬುಗಳೇ?" ಎಂದ.